ಪೆಡಲ್ ಪೆಟ್ಟಿಗೆಯೂ ಕಸ್ತೂರಿಬಾಯಿಯ ಷಡ್ಜವೂ

ಕಳೆದ ತಿಂಗಳು ಇಬ್ಬರು ತರುಣರು ಗೋಕಾಕದ ನಮ್ಮ ಮನೆಗೆ ಬಂದಿದ್ದರು. ಆರ್ಕೆಸ್ಟ್ರಾ ಸೇರಿ ಬಾಸ್ ಗಿಟಾರ್ ನುಡಿಸಬೇಕೆಂಬುದು ಅವರ ಆಸೆ. ಯಾವ ಪೆಡಲ್ ಕೊಳ್ಳಬೇಕು, ಯಾವುದರ ಹಿಂದೆ ಯಾವುದನ್ನು ಜೋಡಿಸಬೇಕು, ಹಾಡುವವರು ಬೇಸೂರಾದರೆ ನಾವೇನು ಮಾಡಬೇಕು ಎಂದೆಲ್ಲ ಕೇಳಿದರು. ಅರ್ಧ ಪ್ರಶ್ನೆಗಳಿಗೆ ನಾನು, “ಅದು ಖಾತ್ರಿ ಹೇಳಾಕ ಬರಂಗಿಲ್ಲಪಾ” ಎಂದೆ. ಮುದುಕನಿಗೆ ಎಲ್ಲ ಮರೆತುಹೋಗಿದೆ ಅಂದುಕೊಂಡು ಚಹಾ ಕುಡಿದು ಹೋದರು. ನನಗೇನೂ ಮರೆತಿಲ್ಲ. ಈ ಉದ್ಯೋಗದಲ್ಲಿ ಕೆಲವು ಸಂಗತಿಗಳು ನನಗೆ ಆಗಲೂ ತಿಳಿಯಲಿಲ್ಲ, ಈಗಲೂ ತಿಳಿದಿಲ್ಲ. ಆ ತರುಣರು ಮತ್ತೆ ಬರುತ್ತಾರೋ ಇಲ್ಲವೋ, ಅವರಿಗಾಗಿ ಇದನ್ನು ಬರೆದಿಡುತ್ತಿದ್ದೇನೆ.

ಬಾಸ್ ಗಿಟಾರಿಗೆ ನಾಲ್ಕೇ ತಂತಿ. ಲಗ್ನದ ಮನೆಯಲ್ಲಿ ಯಾರಾದರೂ ಹಿರಿಯರು ವೇದಿಕೆಯ ಹತ್ತಿರ ಬಂದು, “ಉಳದ ಎರಡ ತಂತಿ ಹರದಾವೇನ್ರಿ?” ಎಂದು ಕೇಳದೆ ಹೋದ ಕಾರ್ಯಕ್ರಮ ನೆನಪಿಲ್ಲ. ಹಾಡುವವರ ಕಡೆ ಜನ ನೋಡುತ್ತಾರೆ, ಢೋಲಕ್ ಬಾರಿಸುವವನ ಕಡೆ ನೋಡುತ್ತಾರೆ. ನಮ್ಮ ಕಡೆ ನೋಡುವುದು ಹೀಗೆ ತಂತಿ ಎಣಿಸಲು ಮಾತ್ರ.

ನಮ್ಮ ಮೇಳದ ಯಜಮಾನರು ಮೂಡಲಗಿಯ ಗುರುಪಾದ ಮಾಸ್ತರರು. ಹಾರ್ಮೋನಿಯಂ ಕಲಿಸುತ್ತಿದ್ದವರು, ಆಮೇಲೆ ಆರ್ಕೆಸ್ಟ್ರಾ ಕಟ್ಟಿದರು. ಬಾಯಲ್ಲಿ ಸದಾ ಎಲೆ ಅಡಿಕೆ. ಮಾತಾಡುವಾಗ ರಸ ಸಿಡಿಯಬಾರದೆಂದು ಬಾಯಿಗೆ ಕೈ ಅಡ್ಡ ಹಿಡಿಯುವುದು ಅವರ ರೂಢಿ. ಕೀಬೋರ್ಡ್ ನುಡಿಸುತ್ತಿದ್ದವನು ದಸ್ತಗೀರ, ನಮ್ಮ ಗೋಕಾಕದವನೇ. ಹಾಡುತ್ತಿದ್ದವರು ಯಮಕನಮರಡಿಯ ಕಸ್ತೂರಿಬಾಯಿ. ಅವರ ಗಂಡ ಲಾರಿ ಓಡಿಸುತ್ತಿದ್ದರು, ತಿಂಗಳುಗಟ್ಟಲೆ ಹೊರಗೆ. ಮನೆ ನಡೆಯುತ್ತಿದ್ದುದು ಹೆಚ್ಚಾಗಿ ಬಾಯಿಯವರ ಹಾಡಿನಿಂದ. ಅವರು ವೇದಿಕೆ ಹತ್ತುವ ಮೊದಲು ಚಪ್ಪಲಿ ಬಿಡುತ್ತಿದ್ದರು, ಯಾವ ಊರಿಗೆ ಹೋದರೂ ನನ್ನ ಸ್ಪೀಕರಿನ ಪಕ್ಕದಲ್ಲೇ ನಿಂತು ಹಾಡುತ್ತಿದ್ದರು. ಚಪ್ಪಲಿ ಬಿಡುವುದು ಭಕ್ತಿ, ಜಾಗ ಬದಲಿಸದಿರುವುದು ಹಟ ಎಂದು ನಾವು ತಿಳಿದಿದ್ದೆವು. ಅವರು ಸ್ವರ ತಪ್ಪಿ ಹಾಡಿದ್ದನ್ನು ಯಾರೂ ಕೇಳಿರಲಿಲ್ಲ.

ತೊಂಬತ್ತರ ದಶಕ ಅರ್ಧ ಕಳೆದಿತ್ತು. ಹುಕ್ಕೇರಿಯ ಒಂದು ಜೈನ ವ್ಯಾಪಾರಿ ಮನೆತನದ ಲಗ್ನ ಹಿಡಿದಿದ್ದೆವು. ಮದುಮಗನಿಗೆ ಒಂದು ಹೊಸ ಹಾಡು ಬಹಳ ಇಷ್ಟವಂತೆ, ಅದನ್ನು ಹಾಡಲೇಬೇಕೆಂದು ಕ್ಯಾಸೆಟ್ ಕಳಿಸಿಕೊಟ್ಟಿದ್ದ. ಕಲ್ಲೋಳಿಯಲ್ಲಿ ಮಾಸ್ತರರ ಬೀಗರದೊಂದು ಬೆಲ್ಲದ ವಖಾರಿ ಇತ್ತು. ಸುಗ್ಗಿ ಮುಗಿದು ಅದು ಖಾಲಿಯಾದಾಗ ನಮ್ಮ ತಾಲೀಮು ಅಲ್ಲೇ. ಒಂದು ಮಧ್ಯಾಹ್ನ ಎಲ್ಲರೂ ಟೇಪಿನ ಸುತ್ತ ಕೂತೆವು.

ಹಾಡು ಶುರುವಾಗುವ ಮೊದಲು, ಕೆಳಗಿನ ಸಪ್ತಕದಲ್ಲಿ ಏನೋ ಒಂದು ದನಿ ಜಾರಿಕೊಂಡು ಬಂತು. ಮೀಟಿದ ಪೆಟ್ಟೇ ಕೇಳುವುದಿಲ್ಲ. ಸ್ವರದಿಂದ ಸ್ವರಕ್ಕೆ ಎಣ್ಣೆ ಹರಿದಂತೆ ಹೋಗುತ್ತದೆ, ಕೊನೆಗೆ ತುಟಿ ತೆರೆದಂತೆ ಅರಳುತ್ತದೆ.

“ಇದು ತಬಲಾದ ಡಗ್ಗಾ. ಅಂಗೈ ತಿಕ್ಕಿ ಬಾರಿಸ್ಯಾರ” ಎಂದರು ಮಾಸ್ತರರು.

“ಡಗ್ಗಾ ಇಷ್ಟೊತ್ತು ಉಲಿಯಂಗಿಲ್ರಿ. ಇದು ಕೀಬೋರ್ಡ್” ಎಂದ ದಸ್ತಗೀರ. ತನ್ನ ಕೀಬೋರ್ಡಿನಲ್ಲಿ ಹುಡುಕಿದ, ಸಿಗಲಿಲ್ಲ.

ಢೋಲಕಿನವನು ಅದು ಮನುಷ್ಯನ ದನಿಯೇ, ಯಾರೋ ಬಾಯಿ ಮುಚ್ಚಿಕೊಂಡು ಹಾಡಿದ್ದಾರೆ ಎಂದ. ನನಗೆ ಅದು ತಂತಿ ಅನಿಸಿತು, ಆದರೆ ನನ್ನ ತಂತಿಯಲ್ಲಿ ಅಂಥ ದನಿ ಎಲ್ಲಿದೆ? ಕಸ್ತೂರಿಬಾಯಿ ಟೇಪಿನ ಮೇಲೆ ಅಂಗೈ ಇಟ್ಟು ಕೂತಿದ್ದರು.

ಮಾಸ್ತರರು ನನ್ನ ಕಡೆ ತಿರುಗಿ ತೀರ್ಪು ಕೊಟ್ಟರು: “ಕೆಳಗಿನ ದನಿ ಅಂದ್ರ ಅದು ಭೂಪಾಲಂದು. ಭೂಪಾಲ, ಏನರ ಮಾಡು, ಇದನ್ನ ತಗಿ.”

ನಾನು ಕೊಲ್ಹಾಪುರಕ್ಕೆ ಹೋದೆ. ವಾದ್ಯದ ಅಂಗಡಿಯವನು ಕ್ಯಾಸೆಟ್ ಒಂದು ಸಲ ಕೇಳಿ ಮರಾಠಿಯಲ್ಲಿ ಹೇಳಿದ: ಇದೂ ಬಾಸ್ ಗಿಟಾರೇ, ಆದರೆ ಇದಕ್ಕೆ ಫ್ರೆಟ್ ಇಲ್ಲ. ಗಿಟಾರಿನ ಕುತ್ತಿಗೆಯ ಮೇಲೆ ಅಡ್ಡಲಾಗಿ ಕೂಡಿಸಿರುವ ಲೋಹದ ಕಂಬಿಗಳಿಗೆ ಫ್ರೆಟ್ ಎನ್ನುತ್ತಾರೆ. ಅವು ಇದ್ದರೆ ಸ್ವರಗಳು ಮೆಟ್ಟಿಲಿನಂತೆ ಬೇರೆ ಬೇರೆ. ಅವು ಇಲ್ಲದಿದ್ದರೆ ಪಿಟೀಲಿನಂತೆ ಎಲ್ಲಿ ಬೇಕಾದರೂ ಜಾರಬಹುದು. ಅಂಥ ಗಿಟಾರ್ ತನ್ನ ಅಂಗಡಿಯಲ್ಲಿ ಇಲ್ಲ, ಮುಂಬಯಿಯಲ್ಲೂ ಹುಡುಕಬೇಕು ಎಂದ. ಕಂಬಿ ಕೀಳಿಸಿಬಿಡಲೇ ಎಂದು ಕೇಳಿದೆ. ಗಿಟಾರ್ ಮೇಳದ್ದಾದರೆ ಮೊದಲು ಯಜಮಾನರನ್ನು ಕೇಳು ಎಂದು ನಕ್ಕ. ಕೊನೆಗೆ ಅವನೇ ಮೂರು ಪೆಡಲ್ ತೆಗೆದಿಟ್ಟ. ಪೆಡಲ್ ಎಂದರೆ ಕಾಲಿನಿಂದ ಒತ್ತುವ ಒಂದು ಚಿಕ್ಕ ಪೆಟ್ಟಿಗೆ. ಗಿಟಾರಿನ ದನಿ ಸ್ಪೀಕರಿಗೆ ಹೋಗುವ ದಾರಿಯಲ್ಲಿ ಕೂತು ಅದನ್ನು ಬದಲಿಸುತ್ತದೆ. ಒಂದು ಮೀಟಿದ ಪೆಟ್ಟನ್ನು ಹಿಂಡಿ ದನಿಯನ್ನು ಉದ್ದ ಮಾಡುವುದು, ಎರಡನೆಯದು ದನಿಗೆ ಬಾಯಿ ತೆರೆದು ಮುಚ್ಚಿದ ಗುಣ ಕೊಡುವುದು. ಮೂರನೆಯದು ಕೋರಸ್, ಒಂದು ದನಿಯ ಪಕ್ಕದಲ್ಲಿ ತುಸು ಅಲುಗುವ ಇನ್ನೊಂದು ದನಿ ನಿಲ್ಲಿಸಿ ಎರಡನ್ನೂ ಕಲಸುವುದು.

ಅಲ್ಲಿಂದ ನನ್ನ ಗೊಂದಲ ಶುರು. ವಖಾರಿಯಲ್ಲಿ ಪೆಟ್ಟಿಗೆಗಳನ್ನು ಒಂದರ ಹಿಂದೆ ಒಂದು ಜೋಡಿಸಿದೆ. ಕಪ್ಪೆ ಕೂಗಿದಂತಾಯಿತು. ಕ್ರಮ ಬದಲಿಸಿದೆ, ಹಿಟ್ಟಿನ ಗಿರಣಿಯಂತೆ ಗುಂಯ್ ಎಂದಿತು. ಇನ್ನೊಮ್ಮೆ ಬದಲಿಸಿ ತಂತಿ ಮೀಟುವ ಮೊದಲೇ ಸ್ಪೀಕರಿನೊಳಗಿಂದ ಒಬ್ಬ ಗಂಡಸು ಮರಾಠಿಯಲ್ಲಿ ಕಬ್ಬಿಗೆ ಗೊಬ್ಬರ ಹಾಕುವ ಕ್ರಮ ಹೇಳತೊಡಗಿದ. ಮಾಸ್ತರರು ಎದ್ದು ನಿಂತು, “ಇವ ಯಾವ?” ಎಂದು ಸ್ಪೀಕರಿನ ಹಿಂದೆ ಹೋಗಿ ನೋಡಿದರು. ಪೆಡಲ್ ಎಲ್ಲಿಂದಲೋ ರೇಡಿಯೋ ಹಿಡಿದಿತ್ತು. ವಯರು ಬದಲಿಸಿದರೆ ಹೋಗುತ್ತದೆಂದು ದಸ್ತಗೀರ ಹೇಳಿದ. ಬದಲಿಸಿದೆವು. ಗೊಬ್ಬರದವನು ಹೋದ, ಅದೇ ರೇಡಿಯೋದ ಹಾಡು ಬಂತು. ಮತ್ತೆ ಹಳೆಯ ವಯರು ಹಾಕಿದರೆ ಎರಡೂ ಬರಲಿಲ್ಲ. ಯಾಕೆ ಎಂದು ನನಗೆ ಇವತ್ತಿಗೂ ತಿಳಿಯದು.

ಕೊನೆಗೆ ಪೆಟ್ಟಿಗೆಗಿಂತ ಹೆಚ್ಚು ಕೈಯನ್ನೇ ಬದಲಿಸಬೇಕಾಯಿತು. ಗಿಟಾರಿನ ಗುಂಡಿ ತಿರುವಿ ಚೂಪು ದನಿಯನ್ನೆಲ್ಲ ಇಳಿಸಿದೆ. ಉಗುರು ತಾಗದಂತೆ ಹೆಬ್ಬೆರಳಿನ ಮಾಂಸದಿಂದ, ಕುತ್ತಿಗೆಯ ಹತ್ತಿರ ಮೀಟಿದೆ. ಬೇಕಾದ ಸ್ವರಕ್ಕಿಂತ ಒಂದು ಕಂಬಿ ಕೆಳಗೆ ಹಿಡಿದು ಮೇಲಕ್ಕೆ ಜಾರಿದೆ. ಜಾರುವಾಗ ಕಂಬಿಗೆ ತಾಗಿದ ಸದ್ದು ಕೋರಸ್ಸಿನಲ್ಲಿ ಕಲಸಿಹೋಯಿತು. ಒಂದು ಮಧ್ಯಾಹ್ನ ಆ ದನಿ ತಾನಾಗಿ ಬಂತು.

ಮಾಸ್ತರರು ಎಲೆ ಉಗುಳಿ ಬಂದು ಹೇಳಿದರು: “ಎಮ್ಮಿ ಕರಾ ತಾಯಿನ್ನ ಕರದಂಗ ಐತಿ. ಇದಽ ಅದು. ಇನ್ನ ಏನೂ ಮುಟ್ಟಬ್ಯಾಡ.”

ಅದೇ ಅದು ಎಂದು ಎಲ್ಲರೂ ಒಪ್ಪಿದರು. ನನಗೆ ಮಾತ್ರ ಕ್ಯಾಸೆಟ್ಟಿನದೂ ನನ್ನದೂ ಒಂದೇ ಅನಿಸುತ್ತಿತ್ತು, ಮರುಗಳಿಗೆ ಬೇರೆ ಅನಿಸುತ್ತಿತ್ತು. ಅಸಲಿ ವಾದ್ಯವನ್ನು ನಾನು ಕಣ್ಣಿನಿಂದಲೂ ನೋಡಿರಲಿಲ್ಲ. ನೋಡದೆ ಇರುವವರ ಚಹರೆ ಬರೆಯಲು ಕೂತಂತೆ ನನ್ನ ಗತಿ.

ಹುಕ್ಕೇರಿಯ ಲಗ್ನ ಬಂತು. ಹಲಗೆ ಹೊಡೆದು ಕಟ್ಟಿದ ದೊಡ್ಡ ವೇದಿಕೆ. ಕಸ್ತೂರಿಬಾಯಿ ಎಂದಿನಂತೆ ಬರಿಗಾಲಲ್ಲಿ ನನ್ನ ಪಕ್ಕ ನಿಂತರು. ನಾನು ಪೆಡಲ್ ಒತ್ತಿ ಆ ದನಿ ತೆಗೆದೆ. ಮದುಮಗ ತಲೆಯೆತ್ತಿ ನೋಡಿದ. ನನ್ನ ಜೀವನದಲ್ಲಿ ಬಾಸ್ ಕೇಳಿ ಒಬ್ಬ ಮನುಷ್ಯ ತಲೆಯೆತ್ತಿದ್ದು ಅದೇ ಮೊದಲು. ಆ ಸಂತೋಷ ಎರಡು ಸಾಲಿನವರೆಗೂ ಇರಲಿಲ್ಲ. ಕಸ್ತೂರಿಬಾಯಿ ಹಾಡಿಗೆ ಬಂದವರು ಷಡ್ಜಕ್ಕಿಂತ ತುಸು ಕೆಳಗೆ ಬಂದರು. ಪಲ್ಲವಿ ಪೂರ್ತಿ ಹಾಗೆಯೇ ಹೋಯಿತು. ದಸ್ತಗೀರ ಕೀಬೋರ್ಡಿನಲ್ಲಿ ‘ಸಾ’ ಒತ್ತಿ ಒತ್ತಿ ತೋರಿಸಿದ. ಅವರು ಕೇಳಿಸಿಕೊಳ್ಳಲಿಲ್ಲ. ನಾನು ಗಾಬರಿಯಾಗಿ ಪೆಡಲ್ ಬಂದ್ ಮಾಡಿದೆ. ಮುಂದಿನ ಸಾಲಿಗೆ ಸರಿಯಾದರು.

ಹಿಂದಿರುಗುವಾಗ ಟೆಂಪೋದಲ್ಲಿ ಮಾಸ್ತರರು ಬಾಯಿಗೆ ಕೈ ಅಡ್ಡ ಹಿಡಿದು, “ಯವ್ವಾ ಕಸ್ತೂರವ್ವಾ, ಇವತ್ತ ಏನಾಗಿತ್ತು?” ಎಂದರು. ಅವರು ಕಿಟಕಿಯ ಹೊರಗೇ ನೋಡುತ್ತಿದ್ದರು, ಉತ್ತರ ಕೊಡಲಿಲ್ಲ. ಸಿಟ್ಟಾಗಿದ್ದಾರೆ ಎಂದುಕೊಂಡೆವು.

ಮುಂದಿನ ಕಾರ್ಯಕ್ರಮಗಳಲ್ಲೂ ಇದೇ ಆಯಿತು. ಪೆಡಲ್ ಇದ್ದರೆ ಬೇಸೂರು, ಇಲ್ಲದಿದ್ದರೆ ಸರಿ. ದಸ್ತಗೀರ ನನ್ನ ಗಿಟಾರಿನ ಒಂದೊಂದು ತಂತಿಯನ್ನೂ ಪರೀಕ್ಷೆ ಮಾಡಿದ, ಸರಿಯಾಗಿಯೇ ಇತ್ತು. ಹಾಗಾದರೆ ಜಾರುವಾಗ ನನ್ನ ಬೆರಳು ತಪ್ಪುತ್ತಿರಬೇಕು ಎಂದರು ಮಾಸ್ತರರು. ನಾನು ಬೆರಳು ನೋಡಿಕೊಂಡೆ, ನಿಲ್ಲಬೇಕಾದಲ್ಲೇ ನಿಲ್ಲುತ್ತಿತ್ತು. ನನ್ನ ಕಿವಿಯ ಮೇಲೆಯೇ ಅನುಮಾನ ಹುಟ್ಟಿತು. ಬಸ್ಸಿನ ಹಾರ್ನ್ ಕೇಳಿದರೂ ಅದು ಯಾವ ಸ್ವರ, ಸರಿಯೋ ತಪ್ಪೋ ಎಂದು ಯೋಚಿಸುವಂತಾದೆ. ಮೇಳದಲ್ಲಿ ಬೇರೆ ಮಾತುಗಳು ಎದ್ದವು. ಬಾಸಿಗೆ ಹೆಸರು ಬಂದದ್ದು ಕಸ್ತೂರಿಬಾಯಿಗೆ ಸಹಿಸುತ್ತಿಲ್ಲ ಎಂದರು ಕೆಲವರು, ವಯಸ್ಸಾಯಿತು ಎಂದರು ಕೆಲವರು. ಮಾಸ್ತರರು ಬೆಳಗಾವಿಯಿಂದ ಒಬ್ಬ ಹೊಸ ಗಾಯಕಿಯನ್ನು ಕರೆಸುವ ಮಾತಾಡಿದರು.

ಆ ಮಾತು ನಾನೇ ಮೊದಲು ಬಾಯಿಯವರಿಗೆ ಮುಟ್ಟಿಸಬೇಕು ಅನಿಸಿ ಯಮಕನಮರಡಿಗೆ ಹೋದೆ. ಅಂಗಳದಲ್ಲಿ ನನಗೆ ಬೆನ್ನು ಮಾಡಿ ಕೂತು ಶೇಂಗಾ ಬಿಡಿಸುತ್ತಿದ್ದರು. “ಅಕ್ಕಾರ” ಎಂದೆ. ತಿರುಗಲಿಲ್ಲ. ಇನ್ನೂ ಜೋರಾಗಿ ಕರೆದೆ. ತಿರುಗಲಿಲ್ಲ. ಇವರಿಗೆ ನನ್ನ ಮೇಲೆ ಇಷ್ಟು ಸಿಟ್ಟೇ ಎಂದು ಮರಳಿ ಹೊರಟಿದ್ದೆ. ಕಟ್ಟೆಯ ಮೇಲಿದ್ದ ಅವರ ಅತ್ತೆ ಸಹಜವಾಗಿ ಹೇಳಿದರು:

“ಹಿಂದ ನಿಂತ ಕರದ್ರ ಆಕಿಗಿ ಕೇಳಂಗಿಲ್ರಿ. ಮುಂದ ಹೋಗ್ರಿ.”

ನಾನು ಮುಂದೆ ಹೋಗಿ ನಿಂತೆ. ಕಸ್ತೂರಿಬಾಯಿ ನನ್ನ ಮುಖ ನೋಡಿದರು, ಅತ್ತೆಯ ಮುಖ ನೋಡಿದರು. ಏನಾಗಿದೆ ಎಂದು ಅವರಿಗೆ ತಿಳಿಯಿತು.

“ಸಣ್ಣ ದನಿ ಯಾವೂ ಕೇಳಂಗಿಲ್ರಿ ಅಣ್ಣಾರ” ಎಂದರು. “ದಸ್ತಗೀರಂದು ಕೇಳಂಗಿಲ್ಲ, ಕೊಳಲು ಕೇಳಂಗಿಲ್ಲ. ದಪ್ಪ ದನಿ ಇನ್ನಾ ಒಂದೀಟ ಕೇಳತೈತಿ. ನಿಮ್ಮದು ಅರ್ಧ ಕಿವಿಯಾಗ ಬರತೈತಿ, ಅರ್ಧ ಹಲಗಿಯೊಳಗಿಂದ ಕಾಲಾಗ ಬರತೈತಿ. ಅದರ ಮ್ಯಾಲ ಸಾ ಹಿಡೀತೇನಿ.”

“ಮತ್ತ ಈ ಪೆಡಲ್?”

“ಆ ಪೆಟ್ಟಿಗಿ ಒತ್ತಿದ್ರಂದ್ರ ಸಾ ನಿಂತಲ್ಲಿ ನಿಲ್ಲಂಗಿಲ್ಲ. ಎರಡ ಆಗತೈತಿ. ಯಾವ್ದು ಖರೆ, ಯಾವ್ದು ಸುಳ್ಳು, ನನಗ ತಿಳೀವಲ್ದು.”

ಕೋರಸ್ ಪೆಡಲ್ ಮಾಡುವ ಕೆಲಸವೇ ಅದು. ಒಂದನ್ನು ಎರಡು ಮಾಡುವುದು. ಅದನ್ನು ಅಂಗಡಿಯವನು ಹೇಳಿದಾಗ ನಾನು ತಲೆಯಾಡಿಸಿದ್ದೆ, ಅರ್ಥವಾದದ್ದು ಆ ಅಂಗಳದಲ್ಲಿ.

“ಮಾಸ್ತರಿಗೆ ಹೇಳೂಣು” ಎಂದೆ.

“ಬ್ಯಾಡ್ರಿ. ಕಿವಿ ಕೇಳದಾಕಿ ಹಾಡತಾಳ ಅಂದ್ರ ಮಂದಿ ಹಾಡ ಕೇಳಂಗಿಲ್ಲ, ನನ್ನ ಕಿವಿ ನೋಡತಾರ.”

ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಬಸ್ಸಿನಲ್ಲಿ ಕೂತು ಗೋಕಾಕ ಮುಟ್ಟುವವರೆಗೂ ಯೋಚಿಸಿದೆ. ಪೆಡಲ್ ಬಿಟ್ಟರೆ ಮಾಸ್ತರರು ಯಾಕೆ ಎಂದು ಕೇಳುತ್ತಾರೆ. ಒತ್ತಿದರೆ ಕಸ್ತೂರಿಬಾಯಿ ಕೆಲಸ ಕಳೆದುಕೊಳ್ಳುತ್ತಾರೆ. ಕೊನೆಗೆ ಕಾಲಿಗೆ ಒಂದು ಹೊಸ ರೂಢಿ ಕಲಿಸಿದೆ. ಪ್ರತಿ ಸಾಲು ಶುರುವಾಗುವಾಗ ಪೆಡಲ್ ಬಂದ್. ಬರೀ ತಂತಿ, ಬರೀ ಷಡ್ಜ. ಅವರು ಸ್ವರ ಹಿಡಿದು ಸಾಲು ಮುಗಿಸಿದ ಮೇಲೆ, ಎರಡು ಸಾಲಿನ ನಡುವಿನ ಖಾಲಿ ಜಾಗದಲ್ಲಿ ಪೆಡಲ್ ಒತ್ತಿ ಜಾರುವುದು. ಮತ್ತೆ ಅವರು ಉಸಿರೆಳೆದುಕೊಳ್ಳುವ ಮೊದಲು ಬಂದ್. ಕೈ ಒಂದು ಕಡೆ, ಕಾಲು ಒಂದು ಕಡೆ, ಕಣ್ಣು ಉಸಿರಿಗೆ ಏರುವ ಅವರ ಹೆಗಲಿನ ಮೇಲೆ. ಮೊದಮೊದಲು ಕಾಲು ಒತ್ತಬೇಕಾದಲ್ಲಿ ಕೈ ಜಾರುತ್ತಿತ್ತು, ಕೈ ಜಾರಬೇಕಾದಲ್ಲಿ ಕಾಲು ಒತ್ತುತ್ತಿತ್ತು. ದಸ್ತಗೀರ ನನಗೆ ಸಂಧಿವಾತ ಎಂದು ಎಣ್ಣೆ ತಂದುಕೊಟ್ಟ.

ಆದರೆ ಕೂಡಿ ಬಂತು. ಮಾಸ್ತರರು, “ಈಗ ಎಲ್ಲಿ ಬೇಕೋ ಅಲ್ಲಷ್ಟ ಒತ್ತಾಕ ಕಲತಿ ನೋಡು. ಅದಕ್ಕ ಹಾಡೂ ನೆಟ್ಟಗಾತು” ಎಂದು ಹೊಗಳಿದರು. ಬೆಳಗಾವಿಯ ಗಾಯಕಿಯ ಮಾತು ಅಲ್ಲಿಗೆ ನಿಂತಿತು. ಕಂಬಿ ಇಲ್ಲದ ಬಾಸ್ ಯಾರ ಹತ್ತಿರ ಕಲಿತಿರಿ ಎಂದು ಬೇರೆ ಮೇಳದವರು ನನ್ನನ್ನು ಕೇಳತೊಡಗಿದರು. ನನ್ನ ಗಿಟಾರಿನ ಕಂಬಿಗಳನ್ನು ಮುಟ್ಟಿ ನೋಡಿ ಅವರೂ ಗೊಂದಲಗೊಂಡರು.

ವರ್ಷಗಳು ಹೀಗೆಯೇ ಹೋದವು. ಆಮೇಲೆ ಕಾಲ ಬದಲಾಯಿತು. ಊರೂರಿಗೆ ಲಗ್ನ ಮಾಡುವ ಮಂಗಲ ಕಾರ್ಯಾಲಯಗಳಾದವು, ಹಲಗೆಯ ವೇದಿಕೆ ಹೋಗಿ ಸಿಮೆಂಟಿನ ಕಟ್ಟೆ ಬಂತು. ದಸ್ತಗೀರ ಹೊಸ ಕೀಬೋರ್ಡ್ ತಂದ. ಅದರ ಅಂಚಿನಲ್ಲಿ ಒಂದು ಗಾಲಿ. ಎಡಗೈಯಿಂದ ಸ್ವರ ಒತ್ತಿ ಗಾಲಿ ತಿರುವಿದರೆ ಬಾಸ್ ಜಾರುತ್ತಿತ್ತು. ನಾನು ಮೂರು ಪೆಟ್ಟಿಗೆ, ಹತ್ತು ಬೆರಳು, ಒಂದು ಕಾಲು ಕೂಡಿಸಿ ಮಾಡುತ್ತಿದ್ದುದನ್ನು ಅವನು ಚಹಾ ಕುಡಿಯುತ್ತ ಮಾಡಿ ತೋರಿಸಿದ. ಕೇಳಲು ಚೆನ್ನಾಗಿಯೇ ಇತ್ತು, ಅದನ್ನು ಇಲ್ಲ ಎನ್ನಲಾರೆ.

ಮೂಡಲಗಿಯ ಒಂದು ಕಾರ್ಯಾಲಯದಲ್ಲಿ ಸಿಮೆಂಟಿನ ಕಟ್ಟೆಯ ಮೇಲೆ ನಿಂತಾಗ ಕಸ್ತೂರಿಬಾಯಿ ಕಾಲ ಬೆರಳುಗಳಿಂದ ನೆಲ ತಡವುತ್ತಿದ್ದುದನ್ನು ನೋಡಿದೆ. ಮೊದಲ ಹಾಡು ಹೇಗೋ ದಾಟಿತು. ಎರಡನೆಯದಕ್ಕೆ ಅವರು ನನ್ನ ಸ್ಪೀಕರಿನ ಡಬ್ಬಿಯ ಮೇಲೆ ಒಂದು ಪಾದ ಇಟ್ಟು ಹಾಡಿದರು. ಜನ ಅದನ್ನು ಹೊಸ ಠೀವಿ ಎಂದುಕೊಂಡು ಸೀಟಿ ಹೊಡೆದರು. ಮಾಸ್ತರರಿಗೆ ಸೇರಲಿಲ್ಲ.

ಮರುದಿನ ಬೆಳಿಗ್ಗೆ ಕಲ್ಲೋಳಿಯ ವಖಾರಿಯಲ್ಲಿ ಸಭೆ. ಮಾಸ್ತರರು ನನ್ನ ಹೆಗಲ ಮೇಲೆ ಕೈ ಇಟ್ಟು ಹೇಳಿದರು: “ಭೂಪಾಲ, ಬಾಸ್ ಇನ್ನ ದಸ್ತಗೀರನ ಎಡಗೈಯಾಗ ಇರಲಿ. ಸಿಟ್ಟಾಗಬ್ಯಾಡ. ಟೆಂಪೋದಾಗ ಜಾಗಾನೂ ಸಾಲವಲ್ದು.”

ನಾನು ಒಪ್ಪಿಕೊಳ್ಳಲೂ ಇಲ್ಲ, ವಾದಿಸಲೂ ಇಲ್ಲ. ನನ್ನ ತಲೆಯಲ್ಲಿದ್ದುದು ಒಂದೇ. ಕೀಬೋರ್ಡಿನ ದನಿ ಕಾರ್ಯಾಲಯದ ಮೂಲೆಯಲ್ಲಿರುವ ದೊಡ್ಡ ಸ್ಪೀಕರ್ ಡಬ್ಬಿಗಳಿಗೆ ಹೋಗುತ್ತದೆ, ವೇದಿಕೆಯ ಮೇಲೆ ಏನೂ ಉಳಿಯುವುದಿಲ್ಲ. ಇದನ್ನು ಹೇಳಿದರೆ ಕಸ್ತೂರಿಬಾಯಿಗೆ ಕೊಟ್ಟ ಮಾತು ಹೋಗುತ್ತದೆ, ಹೇಳದಿದ್ದರೆ ಅವರ ಹಾಡು ಹೋಗುತ್ತದೆ. ದಸ್ತಗೀರ ಮಾಸ್ತರರ ಮಾತನ್ನೇ ಢೋಲಕಿನವನಿಗೆ ಮತ್ತೆ ಹೇಳುತ್ತಿದ್ದ, ಅವನ ತುಟಿ ನೋಡಿ ಕಸ್ತೂರಿಬಾಯಿಗೆ ವಿಷಯ ತಿಳಿಯಿತು. ಎದ್ದು ನಿಂತರು.

“ಭೂಪಾಲಣ್ಣಾರು ಇಲ್ಲಂದ್ರ ನಾನೂ ಬರಂಗಿಲ್ರಿ.”

ಯಾರೂ ಯಾರನ್ನೂ ನೋಡಲಿಲ್ಲ. ಯಾವಾಗಲೂ ಒಬ್ಬರ ಪಕ್ಕ ಒಬ್ಬರು, ಡಬ್ಬಿಯ ಮೇಲೆ ಪಾದ, ಹೆಗಲಿನ ಮೇಲೆ ಕಣ್ಣು. ಎಲ್ಲರೂ ಮನಸ್ಸಿನಲ್ಲೇ ಲೆಕ್ಕ ಕೂಡಿಸುತ್ತಿದ್ದುದು ನನಗೆ ಕಂಡಿತು. ಮಾಸ್ತರರು ತಲೆ ತಗ್ಗಿಸಿ, ಬಾಯಿಗೆ ಕೈ ಅಡ್ಡ ಹಿಡಿದು ಮೆಲ್ಲಗೆ ಕೇಳಿದರು: “ಯವ್ವಾ, ನಿಮ್ಮಿಬ್ಬರ ನಡುವ ಏನೈತಿ?”

ತುಟಿ ಕಾಣದೆ ಕಸ್ತೂರಿಬಾಯಿಗೆ ಅದು ತಿಳಿಯಲಿಲ್ಲ. ತಿಳಿಯದಾಗ ಯಾವಾಗಲೂ ಮಾಡುತ್ತಿದ್ದಂತೆ ನನ್ನ ಮುಖ ನೋಡಿದರು. ಆ ಪ್ರಶ್ನೆಯನ್ನು ನಾನು ನನ್ನ ಬಾಯಿಂದ ಅವರಿಗೆ ಹೇಳಬೇಕಾಯಿತು. ಈ ಉದ್ಯೋಗದಲ್ಲಿ ಅಷ್ಟು ಕಷ್ಟದ ಕೆಲಸ ನಾನು ಬೇರೆ ಮಾಡಿಲ್ಲ.

“ಮಾಸ್ತರು ಕೇಳಾಕತ್ತಾರ್ರಿ, ನಮ್ಮಿಬ್ಬರ ನಡುವ ಏನೈತಿ ಅಂತ.”

ಅವರು ಸಿಟ್ಟಾಗಲಿಲ್ಲ.

“ಹಲಗಿ ಐತ್ರಿ” ಎಂದರು. ಆಮೇಲೆ ಮಾಸ್ತರರ ಕಡೆ ತಿರುಗಿ, “ಕೈ ತಗದ ಮಾತಾಡ್ರಿ ಮಾಸ್ತರ. ನನಗ ಕಿವಿ ಕೇಳಂಗಿಲ್ಲ. ಭೂಪಾಲಣ್ಣಾರ ಬಾಸ್ ಹಲಗಿಯೊಳಗಿಂದ ಕಾಲಿಗೆ ಮುಟ್ಟತೈತಿ, ಅದರ ಮ್ಯಾಲ ಹಾಡತೇನಿ. ಅದೂ ಹೋದ್ರ ಹೆಂಗ ಹಾಡ್ಲಿ?” ಎಂದರು.

ಮಾಸ್ತರರು ಕೈ ಇಳಿಸಿದರು. ಹೊರಗೆ ಹೋಗಿ ಎಲೆ ಉಗುಳಿ, ಬಾಯಿ ಮುಕ್ಕಳಿಸಿ ಬಂದರು. “ಇಷ್ಟ ದಿನಾ ನೀ ನನ್ನ ಮಾತ ಕೇಳವಲ್ಲಿ, ಸೊಕ್ಕು ಅಂತ ತಿಳದಿದ್ನಿ” ಎಂದರು. ಆಮೇಲೆ, “ಹಾಡಾಕ ನನಗ ಕಿವಿ ಬೇಕಾಗಿಲ್ಲ, ಸ್ವರ ಬೇಕು” ಎಂದರು. ಅದೇ ವಾರ ಬಡಿಗೇರನನ್ನು ಕರೆಸಿ ಮೊಣಕಾಲಿನಷ್ಟೂ ಎತ್ತರವಿಲ್ಲದ ಒಂದು ಹಲಗೆಯ ಕಟ್ಟೆ ಮಾಡಿಸಿದರು. ಅದರ ಹೊಟ್ಟೆಯಲ್ಲಿ ನನ್ನ ಸ್ಪೀಕರ್, ಮೇಲೆ ಕಸ್ತೂರಿಬಾಯಿ. ಟೆಂಪೋದಲ್ಲಿ ಜಾಗ ಸಾಲದೆ ಮಾಸ್ತರರು ತಮ್ಮ ಹಾರ್ಮೋನಿಯಂ ಇಳಿಸಿದರು. ಎಲೆ ಅಡಿಕೆ ಮಾತ್ರ ಬಿಡಲಿಲ್ಲ. ಆದರೆ ಕಸ್ತೂರಿಬಾಯಿಯೊಡನೆ ಮಾತಾಡುವ ಮೊದಲು ಮರೆಯದೆ ಉಗುಳಿ ಬರುತ್ತಿದ್ದರು.

ಆಮೇಲೂ ಕೆಲವು ಹಂಗಾಮು ನುಡಿಸಿದೆವು. ಕಸ್ತೂರಿಬಾಯಿಯ ಕೊನೆಯ ಕಾರ್ಯಕ್ರಮ ದಡ್ಡಿಯಲ್ಲಿ, ಒಂದು ಮನೆಯ ನಾಮಕರಣಕ್ಕೆ. ಬಯಲಲ್ಲಿ ಪೆಂಡಾಲ್, ಸಂಜೆಯ ಬಿಸಿಲು ಇನ್ನೂ ಇತ್ತು. ಅಷ್ಟರಲ್ಲಿ ದಪ್ಪ ದನಿಯೂ ತಮ್ಮಿಂದ ದೂರ ಸರಿಯುತ್ತಿದೆ ಎಂದು ಅವರೇ ಹೇಳಿದ್ದರು. ಕೊನೆಯ ಹಾಡು, ಆ ಹುಕ್ಕೇರಿಯ ಮದುಮಗ ಕೇಳಿದ್ದೇ. ಎರಡನೆಯ ಚರಣದಲ್ಲಿ ನಾನು ಅವರ ಹೆಗಲು ನೋಡುತ್ತಾ ಕೇಳುತ್ತಾ ನಿಂತುಬಿಟ್ಟೆ, ಕಾಲು ಪೆಡಲ್ ಬಂದ್ ಮಾಡಲು ಮರೆಯಿತು. ಮರೆತದ್ದು ಗೊತ್ತಾಗುವಷ್ಟರಲ್ಲಿ ಅವರು ಸಾಲು ಎತ್ತಿಯಾಗಿತ್ತು. ಅವರು ನೇರ ಷಡ್ಜದ ಮೇಲೆ ಬಂದು ನಿಂತರು. ನಾನು ಕಾಲು ಎತ್ತಲೂ ಧೈರ್ಯವಾಗದೆ ಹಾಗೆಯೇ ಬಿಟ್ಟೆ. ಕೋರಸ್ಸಿನ ಆ ಎರಡು ದನಿಗಳ ನಡುವೆ ಅವರು ಚರಣ ಪೂರ್ತಿ ಹಾಡಿ ಮುಗಿಸಿದರು, ಒಂದು ಕೂದಲೆಳೆಯೂ ಅತ್ತಿತ್ತ ಆಗಲಿಲ್ಲ.

ಸಾಮಾನು ಕಟ್ಟುವಾಗ ಅವರೆದುರು ಹೋಗಿ ನಿಂತು ಕೇಳಿದೆ: “ಪೆಟ್ಟಿಗಿ ಬಂದ್ ಮಾಡೂದು ಮರತಿದ್ನಿ. ಗೊತ್ತಾತೇನ್ರಿ?”

“ಗೊತ್ತಾತ್ರಿ. ಕಾಲಾಗ ಎರಡೂ ಬಂದ್ವು.”

“ಮತ್ತ ಸಾ ಹೆಂಗ ಹಿಡದ್ರಿ?”

ಅವರು ಚಪ್ಪಲಿ ಹಾಕಿಕೊಳ್ಳುತ್ತಿದ್ದವರು ತಲೆಯೆತ್ತಿ ನನ್ನನ್ನು ನೋಡಿದರು. ನನಗಿಂತ ಹೆಚ್ಚು ಅವರೇ ಗೊಂದಲದಲ್ಲಿದ್ದರು.

“ತಿಳೀವಲ್ದು ಅಣ್ಣಾರ” ಎಂದರು. “ನಿಮಗೇನರ ತಿಳೀತೇನ್ರಿ?”

ಇಲ್ಲ ಎಂದು ತಲೆಯಾಡಿಸಿದೆ. ಇಬ್ಬರಿಗೂ ನಗು ಬಂತು.